ಗುನುಗುವ ನಳಿಗೆ

ನನ್ನ ತಮ್ಮ ಡೆಲ್ಮರ್ ಜೀವಮಾನದಲ್ಲಿ ತನಗೋಸ್ಕರ ಅಂತ ಮಾಡಿಸಿಕೊಂಡದ್ದು ಒಂದೇ ವಸ್ತು, ಗುರಿ ಹೊಡೆಯುವ ಕೋವಿ. ಬೇಟೆಯ ಕೋವಿಯಲ್ಲ. ಅವು ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಮನೆಗೆರಡರಂತೆ ಮೂಲೆಯಲ್ಲಿ ಬಿದ್ದಿರುತ್ತವೆ. ಇದು ಸಾವಿರ ಗಜ ಆಚೆ ನಿಲ್ಲಿಸಿದ ಕಾಗದಕ್ಕೆ ಹತ್ತು ತೋಟೆ ಹೊಡೆದು, ತೂತುಗಳೆಲ್ಲ ಊಟದ ತಟ್ಟೆಯಗಲದೊಳಗೆ ಬಿದ್ದವೇ ಎಂದು ನೋಡುವ ಕೋವಿ. ನಮ್ಮ ಕ್ಲಬ್ಬಿನಲ್ಲಿ ಅದೇ ಆಟ. ಅಲ್ಲಿನ ಅಡುಗೆಮನೆ ನನ್ನದು, ಫೇಯ ಅಡುಗೆಮನೆ ಎಂದೇ ಎಲ್ಲರೂ ಕರೆಯುತ್ತಾರೆ. ಕೋಳಿ ಮತ್ತು ಜೋಳದ ಸಾರು ಕಾಯಿಸುತ್ತ ಗಂಡಸರ ಬಡಾಯಿ ಕೇಳುವುದು ನನ್ನ ಪಾಡು. ಗೋಡೆಯ ಮೇಲೆ ವರ್ಷದ ಪಂದ್ಯ ಗೆದ್ದವರ ಹೆಸರು ಕೆತ್ತಿದ ಹಲಗೆ ಇದೆ. ಅದರ ಮೇಲೆ ಒಂದು ಸಲ ತನ್ನ ಹೆಸರು ಬರಬೇಕು ಎನ್ನುವುದು ಡೆಲ್ಮರನ ಆಸೆ. ಅವನಿಗೆ ಬೇರೆ ಆಸೆ ಇದ್ದದ್ದು ನಾನು ಕಂಡಿಲ್ಲ.

ಅವನು ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವನು. ಹೆಂಡತಿ ಲೊರೆಟ್ಟಾ ಮೊದಲೇ ಹೇಳಿದ್ದಳು: ಓವರ್‌ಟೈಮಿನ ದುಡ್ಡು ನಿನ್ನದು, ಸಂಬಳ ಮುಟ್ಟಿದರೆ ಕೋವಿಯ ಪಕ್ಕದಲ್ಲೇ ಮಲಗು. ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ಹೇಳಿ ಮಾಡಿಸಿದ ಆಟವಲ್ಲ ಇದು. ಕ್ಲಬ್ಬಿನಲ್ಲಿ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಉಪದೇಶಕ. ಒಬ್ಬ ದುಡ್ಡನ್ನೆಲ್ಲ ದುರ್ಬೀನಿಗೆ ಸುರಿ ಎಂದ, ಕಾಣದ್ದನ್ನು ಹೇಗೆ ಹೊಡೆಯುತ್ತೀ ಎಂದ. ಇನ್ನೊಬ್ಬ ಟ್ರಿಗರ್ ಬೆಣ್ಣೆಯಂತಿರಬೇಕು ಎಂದ. ಡೆಲ್ಮರ್ ಎಲ್ಲರ ಮಾತೂ ಕೇಳಿದ. ತೋಟೆ ಕೂರುವ ಉಕ್ಕಿನ ನಡುಭಾಗವನ್ನು ತೀರಿಕೊಂಡವನೊಬ್ಬನ ಹೆಂಡತಿಯಿಂದ ಕೊಂಡ. ಮರದ ಹಿಡಿ ಬಂತು, ಟ್ರಿಗರ್ ಬಂತು, ದುರ್ಬೀನು ಹೆಚ್ಚುಕಡಿಮೆ ಅರ್ಧ ದುಡ್ಡನ್ನು ನುಂಗಿತು. ನಳಿಗೆಗೆ ಉಳಿದದ್ದು ಮುನ್ನೂರು ಡಾಲರಿನ ಒಳಗೆ.

ಬಲ್ಲವರು ಯಾರೂ ಹೀಗೆ ಮಾಡುವುದಿಲ್ಲ. ಮೊದಲು ನಳಿಗೆಗೆ ದುಡ್ಡು ತೆಗೆದಿಟ್ಟು ಆಮೇಲೆ ಉಳಿದದ್ದು. ಅದೂ ಒಂದಕ್ಕಲ್ಲ, ಎರಡಕ್ಕೆ. ಪ್ರತಿ ತೋಟೆಯ ಬೆಂಕಿಗೂ ನಳಿಗೆಯ ಗಂಟಲು ಚೂರುಚೂರೇ ಸವೆಯುತ್ತದೆ. ಗಾಡಿಯ ಟೈರಿನ ಹಾಗೆ, ಒಂದು ಮುಗಿದರೆ ಇನ್ನೊಂದು. ಡೆಲ್ಮರನ ಲೆಕ್ಕದಲ್ಲಿ ಎರಡನೆಯ ನಳಿಗೆಯೇ ಇರಲಿಲ್ಲ. ಹೊರಮೈ ಗೀರಿದ್ದಕ್ಕೆ ಕಾರ್ಖಾನೆಯವರು ಪಕ್ಕಕ್ಕಿಟ್ಟ ಮಾಲೊಂದನ್ನು ಅಗ್ಗಕ್ಕೆ ತಂದ. ಕೋವಿ ಜೋಡಿಸಿಕೊಟ್ಟ ಮುದುಕ ಆರ್ವಿಲ್ ಅದನ್ನು ತಿರುಗಿಸಿ ನೋಡಿ, "ಕುದುರೆಗೆ ಚಿನ್ನದ ಜೀನು ಹಾಕಿದೀಯ, ಲಾಳ ಹೊಡ್ಸೋದೇ ಮರ್ತೆಯಲ್ಲೋ" ಅಂದ. ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ನಾನೂ ನಕ್ಕೆ.

ಆ ಬೇಸಿಗೆ ಡೆಲ್ಮರ್ ಒಂದು ಶನಿವಾರವೂ ತಪ್ಪಿಸಲಿಲ್ಲ. ಹೊಡೆದ, ಗಾಳಿಗೆ ಹುಲ್ಲು ಬಾಗುವುದನ್ನು ನೋಡಿದ, ಮತ್ತೆ ಹೊಡೆದ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಹತ್ತು ತೂತುಗಳನ್ನು ನನ್ನ ಕಾಫಿ ಸಾಸರಿನಡಿ ಮುಚ್ಚಬಹುದಿತ್ತು. ಆರ್ವಿಲ್ ಆ ಕಾಗದವನ್ನು ಬೆಳಕಿಗೆ ಹಿಡಿದು ತೂತುಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ, "ಇದು ಗುನುಗತ್ತೆ ಕಣಯ್ಯ" ಅಂದ.

ಸದ್ದೇನೂ ಬರುವುದಿಲ್ಲ, ನಮ್ಮವರು ಹಾಗೆ ಕರೆಯುತ್ತಾರೆ ಅಷ್ಟೆ. ಒಂದೇ ಕಾರ್ಖಾನೆಯ, ಒಂದೇ ಉಕ್ಕಿನ ನೂರಾರು ನಳಿಗೆಗಳಲ್ಲಿ ಎಲ್ಲೋ ಒಂದು ಯಾರಿಗೂ ತಿಳಿಯದ ಕಾರಣಕ್ಕೆ ಅದ್ಭುತವಾಗಿ ಹೊಡೆಯುತ್ತದಂತೆ. ಅದು ಗುನುಗುವ ನಳಿಗೆ. ದುಡ್ಡು ಕೊಟ್ಟರೂ ಸಿಗುವುದಿಲ್ಲ, ಅದಾಗಿ ಬರಬೇಕು. ಹಲಗೆಯ ಮೇಲೆ ಮೂರು ಸಲ ಹೆಸರಿರುವ ಹಲ್ಲಿನ ಡಾಕ್ಟರ್ ಹಾಲ್ಸ್ಟೆಡ್ ಅಂದೇ ಬಂದು, ಇಡೀ ಕೋವಿಗೆ ಬಿದ್ದ ಖರ್ಚನ್ನು ಬರೀ ನಳಿಗೆಗೇ ಕೊಡುತ್ತೇನೆ ಎಂದರು. ಡೆಲ್ಮರ್ ಕೊಡಲಿಲ್ಲ. ಕೊಟ್ಟರೆ ಹಲಗೆಯ ಆಸೆ ಬಿಟ್ಟಂತೆ.

ಆ ಶನಿವಾರದಿಂದ ಅವನು ಹೊಡೆಯುವುದನ್ನೇ ನಿಲ್ಲಿಸಿದ.

ಕ್ಲಬ್ಬಿಗೆ ಬರುತ್ತಿದ್ದ, ಬೆಂಚಿನ ಮೇಲೆ ಕೂತು ಬೇರೆಯವರು ಹೊಡೆಯುವುದನ್ನು ನೋಡುತ್ತಿದ್ದ. ಕೋವಿ ಮನೆಯ ನೆಲಮಾಳಿಗೆಯಲ್ಲಿ, ಎಣ್ಣೆ ಹಚ್ಚಿಸಿಕೊಂಡು, ತೇವ ಹೀರುವ ಯಂತ್ರದ ಪಕ್ಕ. ವರ್ಷಕ್ಕೊಮ್ಮೆ ಪಂದ್ಯಕ್ಕೆ ಮಾತ್ರ ಹೊರಗೆ. ಆದರೆ ಈ ಕಣಿವೆಯ ಗಾಳಿ ನೋಡಿಕೊಂಡು ಕೂತವನಿಗೆ ಒಲಿಯುವಂಥದ್ದಲ್ಲ. ಹೊಡೆದು ಹೊಡೆದೇ ಅದನ್ನು ಕಲಿಯಬೇಕು. ಮೊದಲ ವರ್ಷ ನಾಲ್ಕನೆಯವನಾದ. ಆಮೇಲೆ ಏಳನೆಯವನು. ಆಮೇಲೆ ಪಟ್ಟಿ ನೋಡುವುದನ್ನು ನಾನೇ ಬಿಟ್ಟೆ. ಪ್ರತಿ ಸಲವೂ ಅವನು ಗಾಳಿಯನ್ನು ಬೈಯುತ್ತಿದ್ದ, ನಳಿಗೆಯನ್ನು ಅಲ್ಲ.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಹೊಡಿಯೋ, ಸವೆದುಹೋದ್ರೆ ಇನ್ನೊಂದು ತಗೊಂಡ್ರಾಯ್ತು" ಅಂದೆ.

"ಇನ್ನೊಂದು ಎಲ್ಲಿಂದ ಬರತ್ತಕ್ಕಾ?" ಅಂದ. "ನನ್ನಂಥೋನಿಗೆ ಇದು ಸಿಕ್ಕಿದ್ದೇ ಹೆಚ್ಚು."

ಹೊಡೆದರೆ ಸವೆಯುತ್ತದೆ, ಹೊಡೆಯದಿದ್ದರೆ ಕೈ ಮರೆಯುತ್ತದೆ, ಮಾರಿದರೆ ಆಸೆಯೇ ಇಲ್ಲ. ಬಾಯಲ್ಲಿ ಬಿಸಿ ತುಪ್ಪ. ಮನೆಯನ್ನು ಬೆಚ್ಚಗಿಡುವ ಹಳೆಯ ಕುಲುಮೆ ಕೆಮ್ಮುತ್ತಿತ್ತು. ಚಳಿಗಾಲವಿಡೀ ಲೊರೆಟ್ಟಾ ಕೋಟು ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು. ಡಾಕ್ಟರ ದುಡ್ಡಿನ ಮಾತು ಅವಳು ಎತ್ತಿದಾಗೆಲ್ಲ ಇವನು ಎದ್ದು ನೆಲಮಾಳಿಗೆಗೆ ಇಳಿಯುತ್ತಿದ್ದ. ತಾನು ಆ ಮನೆಯಲ್ಲಿ ಕೋವಿಯ ಕಾವಲಿಗೆ ಇರುವವಳು ಎಂದು ಅವಳು ನನ್ನ ಹತ್ತಿರ ನಗುತ್ತಲೇ ಹೇಳುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಕೊನೆಗೆ ಅವನ ಎರಡೂ ಕಣ್ಣು ಕೈಕೊಟ್ಟವು. ನಟ್ಟನಡುವೆ ಒಂದು ಮಬ್ಬು ಕಲೆ, ಏನನ್ನು ನೇರವಾಗಿ ನೋಡುತ್ತಾನೋ ಅದೇ ಕಾಣದು. ವಾಸಿಯಾಗುವುದಿಲ್ಲ ಎಂದರು. ಆಗ ನಳಿಗೆಯನ್ನು ಡಾಕ್ಟರ್ ಹಾಲ್ಸ್ಟೆಡ್‌ಗೆ ಮಾರಿದ. ಮನೆಗೆ ಹೊಸ ಕುಲುಮೆ ಬಂತು, ಲೊರೆಟ್ಟಾಳ ಕೋಟು ಗೂಟಕ್ಕೆ ಹೋಯಿತು. ಡೆಲ್ಮರನಿಗೆ ಒಂದು ಸಮಾಧಾನವಂತೂ ಉಳಿದಿತ್ತು. ಗುನುಗುವ ನಳಿಗೆ ಎಲ್ಲರ ಕೈಗೂ ಬರುವುದಿಲ್ಲ, ತನ್ನ ಕೈಗೆ ಬಂದಿತ್ತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ.

ಮುಂದಿನ ಬೇಸಿಗೆಯ ಕೊನೆಗೆ ಡಾಕ್ಟರು ನನ್ನ ಅಡುಗೆಮನೆಯ ಕಿಟಕಿಗೆ ಬಂದರು. ಸಾರು ತೆಗೆದುಕೊಂಡು ಅಲ್ಲೇ ನಿಂತರು. ನಳಿಗೆಯನ್ನು ಆರ್ವಿಲ್ ಕೈಯಲ್ಲೇ ಜೋಡಿಸಿದ್ದಾಯಿತು, ತೋಟೆಯ ಮದ್ದು ಬದಲಿಸಿದ್ದಾಯಿತು, ಇಡೀ ಬೇಸಿಗೆ ಹೊಡೆದದ್ದಾಯಿತು ಎಂದರು. ಕೆಟ್ಟ ನಳಿಗೆಯಲ್ಲ, ಸವೆದೂ ಇಲ್ಲ, ತಮ್ಮ ಹತ್ತಿರ ಇರುವ ಉಳಿದವುಗಳ ಹಾಗೇ ಇದೆ ಎಂದರು.

"ಆ ನಳಿಗೇಲಿ ಏನೂ ಇಲ್ಲ ಫೇ. ಆ ಬೇಸಿಗೆ ಗುನುಗಿದ್ದು ನಿನ್ನ ತಮ್ಮ."

ದುಡ್ಡು ವಾಪಸು ಕೇಳಲು ಬಂದದ್ದಲ್ಲ ಎಂದೂ ಹೇಳಿದರು. ನಾನು ಸೌಟು ಕೆಳಗಿಟ್ಟೆ.

"ಡಾಕ್ಟ್ರೇ, ನಿಮ್ಮ ದಮ್ಮಯ್ಯ ಅಂತೀನಿ. ಇದನ್ನ ಅವನಿಗೆ ಹೇಳ್ಬೇಡಿ."

ಅವರಿಗೆ ಅರ್ಥವಾಗಲಿಲ್ಲ. ಹೊಗಳಿಕೆಯಲ್ಲವೇ ಇದು, ತಾನು ಎಂಥ ಗುರಿಕಾರ ಎಂದು ಅವನಿಗೂ ತಿಳಿಯಲಿ ಎಂದು ಬೆಳಿಗ್ಗೆಯೇ ಹೇಳಿಬಿಟ್ಟೆ ಎಂದರು. ಒಳ್ಳೆಯವರ ಮೇಲೆ ಬರುವಷ್ಟು ಸಿಟ್ಟು ನನಗೆ ಕೆಟ್ಟವರ ಮೇಲೆ ಬಂದದ್ದಿಲ್ಲ. ಏಪ್ರನ್ ಕಳಚಿ ಹೊರಗೆ ಹೋದೆ.

ಡೆಲ್ಮರ್ ಬೆಂಚಿನ ಮೇಲಿದ್ದ. ಮುಂದೆ ಹುಡುಗರು ಹೊಡೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವನು ಕಣ್ಣಂಚಿನಲ್ಲಿ ನನ್ನನ್ನು ಕಾಣಲೆಂದು ಮುಖವನ್ನು ಅತ್ತ ತಿರುಗಿಸಿದ.

"ಅಷ್ಟು ವರ್ಷ, ಒಂದು ಶನಿವಾರಾನೂ ಬಿಡದೆ ಇಲ್ಲೇ ಬಂದು ಕೂತಿದ್ನಲ್ಲಕ್ಕಾ" ಅಂದ.

"ಹೂಂ ಕಣೋ."

"ಹೊಡೀಬಹುದಿತ್ತು."