ಭಾವ ಕಾರಿನ ಕೆಳಗೆ ಮಲಗಿದ್ದ ಭಾನುವಾರ

ನನ್ನ ಭಾವನವರ ಅಂಗೈ ಗೆರೆಗಳು ಕಪ್ಪಗಿದ್ದವು. ಶಾಯಿಯಲ್ಲಿ ಎಳೆದ ಹಾಗೆ ಒಂದೊಂದು ಗೆರೆಯೂ ದೂರದಿಂದಲೇ ಕಾಣುತ್ತಿತ್ತು. ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ ಆಗಿದ್ದವರು ಅವರು. ರಿಟೈರ್ ಆಗಿ ಅಂಜನಾಪುರದಲ್ಲಿ ಮನೆ ಮಾಡಿಕೊಂಡ ಮೇಲೂ ಆ ಕಪ್ಪು ಬಿಡಲಿಲ್ಲ. ಊಟಕ್ಕೆ ಕೂರುವ ಮೊದಲು ಸೋಪಿನ ನೊರೆಗೆ ಒಂದು ಚಿಟಿಕೆ ಸಕ್ಕರೆ ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಮದುವೆ ಮನೆಗಳಲ್ಲಿ ಯಾರಾದರೂ ಕೈ ಕುಲುಕಲು ಬಂದರೆ ತಟ್ಟನೆ ನಮಸ್ಕಾರ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಅವರಿಗಿಂತ ಹನ್ನೊಂದು ವರ್ಷ ದೊಡ್ಡವರು. ಮಾವನವರು ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು, ಆಮೇಲೆ ಡಿಪೋಗೆ ಹೋಗುತ್ತಿದ್ದರಂತೆ. ಆ ತಮ್ಮ ಕಾಲೇಜಿನಲ್ಲಿ ಗಣಿತದ ಮೇಷ್ಟರಾದಾಗ ಇಡೀ ಡಿಪೋಗೆ ಮೈಸೂರುಪಾಕು ಹಂಚಿದವರು.

ಅವರಿಗೆ ಒಂದು ಅಭ್ಯಾಸವಿತ್ತು. ನಮ್ಮ ಚಿಕ್ಕಲಸಂದ್ರದ ಮನೆಯ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತ ಕೂತಾಗ ರಸ್ತೆಯಲ್ಲಿ ಯಾವುದಾದರೂ ಗಾಡಿ ಹೋದರೆ ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದರು. "ಹಿಂದಿನ ಬ್ರೇಕು. ನೋಯ್ತಾ ಇದೆ ಅದಕ್ಕೆ, ಪಾಪ," ಎನ್ನುತ್ತಿದ್ದರು. ಗಾಡಿ ಕೆಟ್ಟಿದೆ ಎಂದು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಯಾವಾಗಲೂ "ನೋಯ್ತಾ ಇದೆ."

ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದ್ದು ನಮ್ಮತ್ತೆಯ ಕಾಯಿಲೆಯಲ್ಲಿ. ಅತ್ತೆಗೆ ಉಸಿರಾಟದ ತೊಂದರೆ ಹೆಚ್ಚಾದಾಗ ಡಾಕ್ಟರು ಐಸಿಯುಗೆ ಸೇರಿಸಿ, ಗಂಟಲಿಗೆ ಟ್ಯೂಬ್ ಹಾಕಬೇಕು ಎಂದರು. ಭಾವ ಒಪ್ಪಲಿಲ್ಲ. "ಅಮ್ಮ ಮನೇಲೇ ಇರ್ತೀನಿ ಅಂದಿದಾಳೆ ಕಣೋ. ಇನ್ನು ಹಿಂಸೆ ಬೇಡ, ಕರ್ಕೊಂಡು ಹೋಗೋಣ," ಎಂದರು. ನಾಲ್ಕು ದಿನದಿಂದ ಕಣ್ಣು ಮುಚ್ಚದಿದ್ದ ನನ್ನ ಗಂಡ ಆಸ್ಪತ್ರೆಯ ಕಾರಿಡಾರಿನಲ್ಲೇ ಕೂಗಿಬಿಟ್ಟರು: "ಗ್ರೀಸ್ ಕೈಯೋರಿಗೆ ಇದೆಲ್ಲ ಏನ್ ಅರ್ಥ ಆಗತ್ತೆ? ಡಾಕ್ಟ್ರು ಹೇಳಿದ್ ಹಾಗೆ ಕೇಳು ಸಾಕು!"

ಭಾವ ಎರಡು ಕೈಗಳನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು, ಅಷ್ಟೇ. ಅತ್ತೆ ಒಂಬತ್ತನೆಯ ದಿನ ಐಸಿಯುನಲ್ಲೇ ಹೋದರು. ಕರ್ಮಾಂತರಗಳನ್ನೆಲ್ಲ ಇಬ್ಬರೂ ಅಕ್ಕಪಕ್ಕ ಕೂತು ಮಾಡಿದರು. ಆಮೇಲೆ ಭಾವ ನಮ್ಮ ಮನೆಗೆ ಬರಲಿಲ್ಲ. ನನ್ನ ಗಂಡನೂ ಕರೆಯಲಿಲ್ಲ. ಆಡಿದ ಮಾತಿಗೆ ಅವರಿಗೆ ಅವತ್ತೇ ನಾಚಿಕೆಯಾಗಿತ್ತು ಎಂಬುದು ನನಗೆ ಗೊತ್ತು. ಆದರೆ ನಾಚಿಕೆಯಾದಷ್ಟೂ ಅವರು ಬಾಯಿ ಬಿಗಿದುಕೊಳ್ಳುವವರು. ಹಾಗೇ ಆರು ವರ್ಷ ಕಳೆಯಿತು.

ಆರನೆಯ ವರ್ಷ ನನ್ನ ಗಂಡನಿಗೆ ಬೆನ್ನುನೋವು ಶುರುವಾಯಿತು. ಪಾಠ ಮಾಡುವಾಗ ನಿಂತು ನಿಂತು ಬಂದದ್ದು ಎಂದುಕೊಂಡೆವು. ಮುಲಾಮು, ಶಾಖ, ಕಾಯಿಸಿದ ಎಣ್ಣೆ ಎಲ್ಲ ಆಯಿತು. ಸ್ಕ್ಯಾನ್ ಮಾಡಿಸಿದಾಗ, ಎಲ್ಲೋ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಬಂದು ಕೂತಿದೆ ಎಂದು ಗೊತ್ತಾಯಿತು. ನೋವು ತಗ್ಗಿಸಲು ರೇಡಿಯೇಷನ್ ಕೊಡುತ್ತೇವೆ ಎಂದರು. ಸೋಮವಾರದಿಂದ ಶುಕ್ರವಾರ, ದಿನವೂ ಜೆ.ಪಿ. ನಗರದ ಆಸ್ಪತ್ರೆಗೆ.

ಕಾರು ಓಡಿಸುತ್ತಿದ್ದವಳು ನಾನು. ಹದಿಮೂರು ವರ್ಷದ ಹಳೆಯ ಸಣ್ಣ ಕಾರು. ಮುಂದಿನ ಸೀಟನ್ನು ಪೂರ್ತಿ ಒರಗಿಸಿ, ಎರಡು ದಿಂಬು ಇಟ್ಟು ಅವರನ್ನು ಮಲಗಿಸುತ್ತಿದ್ದೆ. ಮನೆಯಿಂದ ಆಸ್ಪತ್ರೆಗೆ ಹದಿನೇಳು ಹಂಪ್‌ಗಳು. ಎಣಿಸಿದವರು ಅವರೇ, ಲೆಕ್ಕದ ಮೇಷ್ಟರಲ್ಲವೇ. ಎಷ್ಟೇ ನಿಧಾನ ಹೋದರೂ ಪ್ರತಿ ಹಂಪಿನಲ್ಲೂ ಮುಂದಿನ ಚಕ್ರಗಳು ಕಟಕ್ ಎಂದು ಇಳಿಯುತ್ತಿದ್ದವು. ಆ ಪೆಟ್ಟು ಸೀದಾ ಅವರ ಬೆನ್ನಿಗೆ. ಅವರು ಕೂಗುತ್ತಿರಲಿಲ್ಲ. ಟವೆಲ್ಲಿನ ತುದಿಯನ್ನು ಕಚ್ಚಿಕೊಳ್ಳುತ್ತಿದ್ದರು. ಮನೆಗೆ ಬಂದು ಒಗೆಯುವಾಗ ನೋಡಿದರೆ ಟವೆಲ್ಲಿನಲ್ಲಿ ಹಲ್ಲಿನ ತೂತುಗಳು. ಟ್ಯಾಕ್ಸಿಯಲ್ಲಿ ಎರಡು ದಿನ ಹೋಗಿ ನೋಡಿದೆವು, ಅದರ ಸೀಟು ಪೂರ್ತಿ ಒರಗದೆ ಇನ್ನೂ ಕಷ್ಟವಾಯಿತು.

ಗ್ಯಾರೇಜಿನವನು ಕಾರು ನೋಡಿ, "ಮುಂದಿನ ಸಸ್ಪೆನ್ಷನ್ ಪೂರ್ತಿ ಹೋಗಿದೆ ಮೇಡಂ. ಗಾಡಿ ಬಿಟ್ಟು ಹೋಗಿ, ನಾಲ್ಕು ದಿನ ಆಗತ್ತೆ," ಎಂದ. ನಮ್ಮ ಹತ್ತಿರ ಇದ್ದದ್ದು ಶನಿವಾರ, ಭಾನುವಾರ ಮಾತ್ರ.

ಆ ಶುಕ್ರವಾರ, ಅವರನ್ನು ರೇಡಿಯೇಷನ್ ಕೋಣೆಗೆ ಕಳಿಸಿ ಹೊರಗೆ ಕೂತಿದ್ದಾಗ, ಗಂಡನಿಗೆ ಹೇಳದೆ ಭಾವನಿಗೆ ಫೋನ್ ಮಾಡಿದೆ.

"ಭಾವ, ನಾನು."

"ಹೇಳಮ್ಮ," ಎಂದರು.

ಕಾಯಿಲೆ, ಹಂಪು, ಟವೆಲ್ಲು, ಗ್ಯಾರೇಜು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಲೇ ಅತ್ತುಬಿಟ್ಟೆ. ಯಾಕೆ ಇಷ್ಟು ದಿನ ತಿಳಿಸಲಿಲ್ಲ ಎಂದು ಅವರು ಕೇಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು: "ಸದ್ದು ಎಡಗಡೆನಾ, ಬಲಗಡೆನಾ?"

"ಎರಡೂ ಕಡೆ ಭಾವ."

"ಬೆಳಿಗ್ಗೆ ಬರ್ತೀನಿ."

ಶನಿವಾರ ಎಂಟು ಗಂಟೆಗೆ ಸ್ಕೂಟರಿನಲ್ಲಿ ಬಂದರು. ತುಂಬ ಇಳಿದುಹೋಗಿದ್ದರು. ಗೇಟಿನ ಒಳಗೆ ಬರಲಿಲ್ಲ. ರಸ್ತೆಯಲ್ಲಿ ನಿಂತಿದ್ದ ಕಾರಿನ ಮೂತಿಯನ್ನು ಅದುಮಿ ಬಿಟ್ಟು ನೋಡಿದರು. ಚಕ್ರದ ಹಿಂದೆ ಒಂದು ಕಬ್ಬಿಣದ ಸಲಾಕೆ ತೂರಿಸಿ ಮೀಟಿದರು. "ಶಾಕ್ ಅಬ್ಸಾರ್ಬರ್ ಸತ್ತಿದೆ. ಕೆಳಗೆ ಚಕ್ರ ಹಿಡ್ಕೊಳ್ಳೋ ಆರ್ಮ್‌ನ ರಬ್ಬರ್ ಹರಿದುಹೋಗಿದೆ. ಕಬ್ಬಿಣಕ್ಕೆ ಕಬ್ಬಿಣ ಬಡೀತಿದೆ," ಎಂದರು. ಆಮೇಲೆ ಮೆಲ್ಲಗೆ, "ಎಷ್ಟು ದಿನದಿಂದ ನೋಯ್ತಾ ಇತ್ತೋ, ಪಾಪ," ಎಂದರು. ಕಾರಿನ ವಿಷಯ ಎಂದುಕೊಂಡು ತಲೆಯಾಡಿಸಿದೆ. ಅವರು ಕಾರನ್ನು ನೋಡುತ್ತಿರಲಿಲ್ಲ, ನನ್ನ ಗಂಡ ಮಲಗಿದ್ದ ಕೋಣೆಯ ಕಿಟಕಿಯನ್ನು ನೋಡುತ್ತಿದ್ದರು. ಒಳಗೆ ಬನ್ನಿ ಎಂದರೆ, "ಸಾಮಾನು ತರ್ಬೇಕು," ಎಂದು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೊರಟುಹೋದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೆಲಸ ಶುರು. ನಾನೇ ಅವರ ಸಹಾಯಕಿ. ಅವರು ಜಾಕನ್ನು ನಂಬುವವರಲ್ಲ. ಕಾರನ್ನು ಎತ್ತಿದ ಮೇಲೆ ಎರಡು ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರಗಳನ್ನೂ ಅಡಿಗೆ ತಳ್ಳಿ, ಕಾರನ್ನು ಅಲುಗಾಡಿಸಿ ನೋಡಿಯೇ ಕೆಳಗೆ ಮಲಗಿದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಕಾದರು. "ಅವಸರ ಮಾಡಿದ್ರೆ ಮುರಿಯತ್ತೆ. ಕಾಯ್ಬೇಕು," ಎಂದರು. ಹಳೆಯ ಆರ್ಮ್ ಕೈಗೆ ಬಂದಾಗ ನನಗೆ ತೋರಿಸಿದರು. ರಬ್ಬರು ಒಣಗಿದ ನೆಲದಂತೆ ಬಿರುಕು ಬಿಟ್ಟು ಉದುರುತ್ತಿತ್ತು. ಶಾಕ್ ಅಬ್ಸಾರ್ಬರಿನ ಸುತ್ತ ಇದ್ದ ಸ್ಪ್ರಿಂಗನ್ನು ತಿರುಪು ಹಾಕಿ ಅದುಮುವಾಗ ಮಾತ್ರ ನನ್ನನ್ನು ಗೇಟಿನ ಒಳಗೆ ಕಳಿಸಿದರು. "ಇದು ಕೈ ತಪ್ಪಿದ್ರೆ ಮನುಷ್ಯ ಉಳಿಯಲ್ಲ. ನೀನು ಬೇಕು ಅವನಿಗೆ, ಒಳಗಿರು," ಎಂದರು.

ಬೆಳಗಿನ ವಾಕಿಂಗಿಗೆ ಬಂದ ಯಾರೋ ಒಬ್ಬರು ನಿಂತು, "ಅಂಕಲ್, ನಮ್ಮ ಗಾಡೀನೂ ಸದ್ದು ಮಾಡ್ತಿದೆ, ನೋಡ್ತೀರಾ?" ಎಂದು ಕೇಳಿದರು. ಭಾವ ಕೆಳಗಿನಿಂದಲೇ, "ಇವತ್ತು ಆಗಲ್ಲ ಸಾರ್. ಇವತ್ತು ಮನೆ ಕೆಲಸ," ಎಂದರು.

ಕಿಟಕಿಯ ಪಕ್ಕದ ಮಂಚದ ಮೇಲೆ ನನ್ನ ಗಂಡ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಮಲಗಿದ್ದರು. ಭಾವ ಬಂದಿದ್ದಾರೆ ಎಂದಾಗ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಮಧ್ಯಾಹ್ನ ಭಾವನನ್ನು ಊಟಕ್ಕೆ ಕರೆದೆ. "ಇಲ್ಲೇ ಮೆಟ್ಟಿಲ ಮೇಲೆ ಕೊಟ್ಬಿಡಮ್ಮ," ಎಂದರು. ಆಗ ಕಿಟಕಿಯಿಂದ ನನ್ನ ಗಂಡನ ದನಿ ಬಂತು.

"ಅಣ್ಣಾ."

ಭಾವನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

"ಒಳಗ್ ಬಾ. ನನ್ ಜೊತೆ ಊಟ ಮಾಡು."

"ಬೇಡ ಕಣೋ. ಕೈಯೆಲ್ಲ ಗ್ರೀಸಾಗಿದೆ."

ಒಳಗಿನಿಂದ ಅಳುವ ಸದ್ದು ಕೇಳಿಸಿತು. ಇಷ್ಟು ದಿನದ ನೋವಿಗೆ ಒಮ್ಮೆಯೂ ಅಳದಿದ್ದ ನನ್ನ ಗಂಡ ಮಗುವಿನ ಹಾಗೆ ಬಿಕ್ಕುತ್ತಿದ್ದರು. "ಹಾಗೇ ಬಾ ಅಣ್ಣ. ತೊಳೀಬೇಡ. ಹಾಗೇ ಬಾ."

ಭಾವ ಒಳಗೆ ಹೋದರು. ನಾನು ಅಡುಗೆಮನೆಯಲ್ಲೇ ಉಳಿದೆ. ಹತ್ತು ನಿಮಿಷ ಬಿಟ್ಟು ಅನ್ನ ಸಾರು ತೆಗೆದುಕೊಂಡು ಹೋದೆ. ಮಂಚದ ಹಾಸಿನ ಮೇಲೆ, ನನ್ನ ಗಂಡನ ತೋಳಿನ ಮೇಲೆ, ಕಪ್ಪು ಬೆರಳಚ್ಚುಗಳಿದ್ದವು.

ಆರ್ಮಿನ ಬೋಲ್ಟು ಬಿಗಿಯುವ ಕೊನೆಯ ಕೆಲಸವನ್ನು ಭಾವ ಕಾರು ಇಳಿಸಿದ ಮೇಲೆ ಮಾಡಿದರು. ಯಾಕೆ ಎಂದು ಕೇಳಿದ್ದಕ್ಕೆ, "ಗಾಡಿ ಗಾಳೀಲಿ ನೇತಾಡ್ತಿರೋವಾಗ ಈ ಬೋಲ್ಟ್ ಬಿಗೀಬಾರ್ದು. ರಬ್ಬರು ತಿರುಚಿಕೊಂಡೇ ಉಳಿದ್ಬಿಡತ್ತೆ. ನೆಲದ ಮೇಲೆ ನಿಂತು, ತನ್ನ ಭಾರ ತಾನು ಹೊತ್ತ ಮೇಲೆ ಬಿಗೀಬೇಕು," ಎಂದರು.

ಸಂಜೆ ನನ್ನ ಗಂಡನನ್ನು ಮಲಗಿಸಿಕೊಂಡು ಒಂದು ಸುತ್ತು ಹೊರಟೆವು. ಭಾವ ಹಿಂದೆ ಕೂತರು. ಉತ್ತರಹಳ್ಳಿ ರಸ್ತೆಗೆ ಸೇರುವ ಮೊದಲು ದೊಡ್ಡ ಹಂಪ್ ಒಂದಿದೆ. ನನ್ನ ಗಂಡ ಕಣ್ಣು ಮುಚ್ಚಿ, ಟವೆಲ್ ಕಚ್ಚಿ ಹಿಡಿದಿದ್ದರು. ಕಾರು ಏರಿತು, ಇಳಿಯಿತು. ಅವರು ಇನ್ನೂ ಟವೆಲ್ ಕಚ್ಚಿಯೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಅದನ್ನು ಬಾಯಿಂದ ತೆಗೆದು, "ಹಂಪ್ ಬಂತಾ?" ಎಂದರು.

"ಹೋಯ್ತು ಕಣೋ," ಎಂದರು ಭಾವ. ಕನ್ನಡಿಯಲ್ಲಿ ನೋಡಿದೆ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಭಾವನೇ ಕಾರಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಆಸ್ಪತ್ರೆಗೆ ಓಡಿಸಿದವರೂ ಅವರೇ. ಕಾರಿನಲ್ಲಿ ಅಣ್ಣ ತಮ್ಮ ಹಳೆಯ ಸೈಕಲ್ಲಿನ ದಿನಗಳ ಮಾತಾಡುತ್ತಿದ್ದರು. ಒಂದು ದಿನ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ನನ್ನ ಗಂಡ, "ಅಮ್ಮನ್ನ ಮನೇಗೇ ಕರ್ಕೊಂಡು ಬರ್ಬೇಕಿತ್ತು ಅಣ್ಣ. ನಾನು ಹಿಂಸೆ ಕೊಟ್ಟೆ," ಎಂದರು.

"ಇಲ್ಲ ಕಣೋ. ನೀನು ಮಾಡಿದ್ದೇ ಸರಿ. ಅಲ್ಲಿ ಅವಳಿಗೆ ನೋವೇ ಗೊತ್ತಾಗ್ಲಿಲ್ಲ," ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ.

ಆಮೇಲೆ ಆಸ್ಪತ್ರೆಯ ಹೊರಗೆ ನಾನು ಅವರ ಮುಖ ನೋಡಿದೆ. "ಸುಳ್ಳೇ ಹೇಳ್ದೆ ಕಣಮ್ಮ. ಈಗ ಇನ್ನೇನ್ ಹೇಳ್ಲಿ ಅವನಿಗೆ?" ಎಂದರು.

ರೇಡಿಯೇಷನ್ ಮುಗಿದು ಮೂರು ತಿಂಗಳಿಗೆ ನನ್ನ ಗಂಡ ತೀರಿಕೊಂಡರು. ಐಸಿಯು ಬೇಡ ಎಂದು ಅವರೇ ಮೊದಲೇ ಹೇಳಿದ್ದರು. ಮನೆಯಲ್ಲೇ, ಬೆಳಗಿನ ಹೊತ್ತು, ಅಣ್ಣನ ಕೈ ಹಿಡಿದುಕೊಂಡು ಹೋದರು. ಭಾವ ಆ ಕೈಯನ್ನು ಮಧ್ಯಾಹ್ನದವರೆಗೆ ಬಿಡಲಿಲ್ಲ. ನಾವೇ ಬಿಡಿಸಬೇಕಾಯಿತು.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ, ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಪಾತ್ರೆ ಒರೆಸುತ್ತ ಕೂತಿದ್ದಾಗ ಹೇಳಿದರು. ಕಾರಿನ ಕೆಳಗೆ ಮಲಗಿದ್ದ ಆ ಭಾನುವಾರಕ್ಕೆ ಭಾವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ಐದು ವಾರವಾಗಿತ್ತು. ಒಂದು ಕೊಡ ನೀರೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಹೊರಗೆ ಕೂತಿದ್ದ ಭಾವನ ಹತ್ತಿರ ಹೋಗಿ, "ಯಾಕ್ ಹೇಳ್ಲಿಲ್ಲ ಭಾವ?" ಎಂದೆ.

"ಹೇಳಿದ್ರೆ ಗಾಡಿ ಮುಟ್ಟಕ್ ಬಿಡ್ತಿದ್ಯಾ?"

"ನಿಮಗೇನಾದ್ರೂ ಆಗಿದ್ರೆ?"

"ಆಗ್ಲಿಲ್ವಲ್ಲ," ಎಂದರು. "ಆಗಿದ್ರೂ ಅವನ ಮನೆ ಮುಂದೇನೇ ಆಗ್ತಿತ್ತು."

ಅದಾದ ಮೇಲೆ ಒಂದೂವರೆ ವರ್ಷ ಇದ್ದರು. ತಿಂಗಳಿಗೊಮ್ಮೆ ಬಂದು ಕಾರಿನ ಎಣ್ಣೆ, ಗಾಳಿ ನೋಡಿ, ನನ್ನ ಕೈಯ ಕಾಫಿ ಕುಡಿದು ಹೋಗುತ್ತಿದ್ದರು. ತಮ್ಮನ ಹೆಸರೆತ್ತಿದರೆ ಲೋಟ ಕೆಳಗಿಡುತ್ತಿದ್ದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಕ್ಕ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಅಂಜನಾಪುರ ಮುಟ್ಟುವ ಹೊತ್ತಿಗೆ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಕಾಲು ಮುಟ್ಟಿ ನಮಸ್ಕರಿಸಲು ಅವರು ನನ್ನನ್ನು ಎಂದೂ ಬಿಟ್ಟಿರಲಿಲ್ಲ, ಹಿಂದೆ ಸರಿದುಬಿಡುತ್ತಿದ್ದರು. ಅವತ್ತು ಸರಿಯಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಈಗ ನನ್ನ ಜೊತೆಗಿದ್ದಾರೆ. ಮೊನ್ನೆ ಇಬ್ಬರೂ ಹುರುಳಿಕಾಯಿ ನಾರು ಬಿಡಿಸುತ್ತ ಕೂತಿದ್ದಾಗ, ಮಾತಿನ ನಡುವೆ ಅವರು ಹೇಳಿದರು: "ನಿನ್ ಫೋನ್ ಬಂತಲ್ಲ, ಅವತ್ತು ಸಂಜೆ ಟೂಲ್ಸ್ ಎಲ್ಲ ಹರಡ್ಕೊಂಡು ಒರೆಸ್ತಾ ಕೂತಿದ್ರು. ನಾನು ಬೈದೆ, ಅತ್ತುಬಿಟ್ಟೆ, ಹೋಗ್ಬೇಡಿ ಅಂದೆ. ಅದಕ್ಕೆ ಏನಂದ್ರು ಗೊತ್ತಾ? ಆ ಮನೆಯಿಂದ ಒಂದೇ ಒಂದು ಫೋನ್ ಬರ್ಲಿ ಅಂತ ಆರು ವರ್ಷದಿಂದ ಕಾಯ್ತಿದೀನಿ, ಬಂದಿದೆ ಬಿಡೇ, ಅಂದ್ರು."

ಗಂಡನಿಗೆ ನಾಚಿಕೆಯಿತ್ತು, ಭಾವನಿಗೆ ನೋವಿತ್ತು. ನನಗೆ ಎರಡೂ ಇರಲಿಲ್ಲ. ಅಣ್ಣ ತಮ್ಮಂದಿರ ವಿಷಯ, ನಡುವೆ ನಾನೇಕೆ ಹೋಗಲಿ ಎಂದು ಸುಮ್ಮನಿದ್ದೆ, ಅಷ್ಟೇ. ಭಾವನ ನಂಬರ್ ಆ ಆರು ವರ್ಷವೂ ನನ್ನ ಫೋನಿನಲ್ಲೇ ಇತ್ತು.