ಅಪ್ಪನ ಬ್ರಶ್ಶು ಒಣಗಿಸುವ ಕೆಲಸ

ನಾನು ಚಿಕ್ಕವನಿದ್ದಾಗ ನಮ್ಮ ಅಕ್ಕನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಉದ್ದ ಜಡೆಗಲ್ಲ, ಹೊಸ ಲಂಗಕ್ಕೂ ಅಲ್ಲ. ಅಪ್ಪ ಗಡ್ಡ ಮಾಡಿಕೊಳ್ಳುವ ಬ್ರಶ್ಶು ಅವಳ ಕೈಯಲ್ಲಿತ್ತಲ್ಲ, ಅದಕ್ಕೆ!

ನಮ್ಮೂರು ಮಿಡಿಗೇಶಿ. ಅಪ್ಪ ಮಧುಗಿರಿ ಬಸ್ಸಿನ ಕಂಡಕ್ಟರು. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಕೂರುತ್ತಿದ್ದ. ಅಕ್ಕ ಬ್ರಶ್ಶನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಸೋಪಿನ ಮೇಲೆ ತಿರುಗಿಸಿ, ಅವನ ಕೆನ್ನೆಗೆಲ್ಲ ನೊರೆ ಹಚ್ಚುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಮುಖ ಒಡ್ಡಿ ಕೂತಿರುತ್ತಿದ್ದ. ನನ್ನ ಪಾಲಿಗೆ ಕೊಳಕು ನೀರು ಚೆಲ್ಲುವ ಕೆಲಸ.

ಬ್ರಶ್ಶು ಒಣಗಿಸುವವರೇ ನೊರೆ ಹಚ್ಚಬೇಕು ಎಂಬುದು ಅಪ್ಪನ ಕಾನೂನು. ಅದು ಹಂದಿ ಕೂದಲಿನ ಬ್ರಶ್ಶು. ಹಾಗಾಗಿ ಅವ್ವ ಅದನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹಿತ್ತಲ ಬಚ್ಚಲಿನ ಸೂರೇ ಅದರ ಜಾಗ. ಅಕ್ಕ ಸೋಪು ಹೋಗುವ ತನಕ ತೊಳೆದು, ಮೆಲ್ಲಗೆ ಹಿಂಡಿ, ಒದರಿ, ಹಿಡಿಗೆ ದಾರ ಕಟ್ಟಿ, ಕೂದಲು ಕೆಳಗಾಗುವಂತೆ ಸೂರಿನ ಮೊಳೆಗೆ ನೇತುಹಾಕುತ್ತಿದ್ದಳು. ನಿಲ್ಲಿಸಿಟ್ಟರೆ ನೀರು ಬುಡಕ್ಕೆ ಇಳಿದು ಕೂದಲು ಉದುರುತ್ತದೆ. ಬಿಸಿಲಿಗಿಟ್ಟರೆ ಕಡ್ಡಿಯಂತಾಗುತ್ತದೆ. ಇದೆಲ್ಲ ನನಗೂ ಗೊತ್ತಿತ್ತು, ಮರೆಯಲ್ಲಿ ನಿಂತು ನೋಡಿ ನೋಡಿ ಕಲಿತಿದ್ದೆ. ಕೇಳಿದರೆ ಮಾತ್ರ ಅಕ್ಕ, "ಲೇ, ನೀನು ಕೂದ್ಲೆಲ್ಲ ಕಿತ್ತಾಕ್ಬುಡ್ತೀಯ, ಹೋಗ್ಲಾ" ಎಂದು ಬೆನ್ನು ತಿರುಗಿಸುತ್ತಿದ್ದಳು.

ಒಂದು ಸಲ ಅಕ್ಕ ಐ.ಡಿ.ಹಳ್ಳಿಯ ಸೋದರತ್ತೆ ಮನೆಗೆ ಹೊರಟಳು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬ್ರಶ್ ಮುಟ್ಬುಟ್ಟೀಯ, ಹುಷಾರು!" ಎಂದು ಕೂಗಿದಳು. ಅವಳು ಹೋದದ್ದೇ ನನಗೆ ಹಬ್ಬ.

ಮಾರನೇ ಬೆಳಿಗ್ಗೆ ಅಪ್ಪ, "ಬಾರ್ಲಾ ಮಗ, ಇವತ್ತು ನೀನೇ ಹಚ್ಚು" ಎಂದ. ಅವನ ಗಡ್ಡ ಕೊಯ್ದ ರಾಗಿ ಹೊಲದ ಕೂಳೆಯಂತೆ ಚುಚ್ಚುತ್ತಿತ್ತು. ಸೋಪು ಘಮ್ಮೆನ್ನುತ್ತಿತ್ತು. ಬೆಚ್ಚನೆಯ ನೊರೆ ನನ್ನ ಮೊಣಕೈ ತನಕ ಇಳಿಯಿತು. ಆಮೇಲೆ ಬ್ರಶ್ಶು ತೊಳೆದು, ಹಿಂಡಿ, ಒದರಿ, ಸೂರಿಗೆ ತೂಗುಹಾಕಿದೆ. ಕಾಗೆ ಎಳೆದುಕೊಂಡು ಹೋದೀತೆಂದು ಅದರ ಕೆಳಗೇ ಕೂತು ಕಾದೆ. ಅವ್ವ ಊಟಕ್ಕೆ ಕರೆದಾಗಲೂ ತಟ್ಟೆ ಅಲ್ಲಿಗೇ ತರಿಸಿಕೊಂಡೆ.

ಸಂಜೆ ಅಕ್ಕ ಬಂದಳು. ಕಾಲು ಕೂಡ ತೊಳೆಯದೆ ನೇರ ಸೂರಿನ ಕಡೆ ನಡೆದಳು. ಬ್ರಶ್ಶು ಇಳಿಸಿ ತನ್ನ ಕೆನ್ನೆಗೆ ಒತ್ತಿ ನೋಡಿದಳು. ಒಂದು ಕೂದಲೂ ಉದುರಿರಲಿಲ್ಲ, ಮೆತ್ತಗೆ ಅರಳಿ ನಿಂತಿತ್ತು. ಅವಳ ಮುಖ ಸಣ್ಣಗಾಯಿತು.

"ಇವ್ನಿಗ್ಯಾಕಪ್ಪಾ ಕೊಟ್ಟೆ?" ಎಂದು ಅತ್ತೇಬಿಟ್ಟಳು. ಓಹೋ, ಅಕ್ಕನಿಗೂ ಹೊಟ್ಟೆಕಿಚ್ಚು! ನನಗೆ ಒಬ್ಬಟ್ಟು ತಿಂದಷ್ಟು ಖುಷಿಯಾಯಿತು.

ಅಪ್ಪ ನಕ್ಕ. "ಇರೋವೇ ಎಲ್ಡು ಕೆನ್ನೆ. ಬಲಗಡೇದು ಅವ್ಳಿಗೆ, ಎಡಗಡೇದು ನಿಂಗೆ. ಇನ್ನೂ ಕಿತ್ತಾಡಿದ್ರೆ ಗಡ್ಡಾನೇ ಬುಟ್ಬುಡ್ತೀನಿ ನೋಡಿ" ಎಂದ. ನಾವು ಹೆದರಿ ಒಪ್ಪಿಕೊಂಡೆವು. ಆದರೂ ಗದ್ದ ಮಾತ್ರ ಅಕ್ಕನ ಪಾಲಿಗೇ ಹೋಯಿತು. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಮೊಮ್ಮಕ್ಕಳೇ, ನಿಮ್ಮಪ್ಪ ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗೆ ಟ್ರಿಮ್ಮರ್ ಗುಂಯ್‌ಗುಡುತ್ತದೆ. ಅದನ್ನು ಒಣಗಿಸುವ ಗೋಜೇ ಇಲ್ಲ, ಚಾರ್ಜಿಗೆ ಹಾಕಿದರೆ ಆಯಿತು. ನೀವಿಬ್ಬರೂ ರಿಮೋಟಿಗೆ, ಮೊಬೈಲಿಗೆ, ಕಾರಿನ ಮುಂದಿನ ಸೀಟಿಗೆ ಕಿತ್ತಾಡುತ್ತೀರಿ. ಕಿತ್ತಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಿಮ್ಮಪ್ಪನ ಮುಖದಲ್ಲಿ ನಿಮ್ಮದು ಅಂತ ಒಂದು ಕೆನ್ನೆ ಇದೆಯೇನು? ನನಗಿತ್ತು, ಎಡಗಡೆಯದು. ಈಗ ನೀವು ಹೊಟ್ಟೆ ಉರಿದುಕೊಳ್ಳಿ.