ಅವ್ವನ ಕೈಗೆ ಸಿಕ್ಕ ಅರ್ಧಗೋಳ

ಅವ್ವನ ಒಂದು ಕೈಯಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಬೂದಿ, ಮಡಿಲಲ್ಲಿ ನನ್ನ ಪಿಎಚ್‌ಡಿ. ಆ ದಿನ ನಾನು ಹಿತ್ತಲಿಗೆ ಹೋಗುವುದು ಸ್ವಲ್ಪ ತಡವಾಗಿದ್ದರೆ ಅದನ್ನೂ ತಿಕ್ಕಿ ಬೆಳಗಿಬಿಡುತ್ತಿದ್ದಳು.

ಕ್ಷ-ಕಿರಣ ಬಿದ್ದ ವಸ್ತುವಿನಿಂದ ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಅವುಗಳ ಶಕ್ತಿಯನ್ನು ಬಲು ಸೂಕ್ಷ್ಮವಾಗಿ ಅಳೆಯುವ ಯಂತ್ರವೊಂದು ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿದೆ. ಅದರ ಹೊಟ್ಟೆಯಲ್ಲಿ ಒಂದರೊಳಗೊಂದು ಕೂತ ಎರಡು ಅರ್ಧಗೋಳಗಳು. ನಡುವಿನ ಸಂದಿಯಲ್ಲಿ ಎಲೆಕ್ಟ್ರಾನುಗಳು ಬಾಗಿ ಓಡುತ್ತವೆ. ದಾರಿ ತಪ್ಪಿದವು ಗೋಡೆಗೆ ಬಡಿದು ಪುಟಿದು ಲೆಕ್ಕ ಕೆಡಿಸದಿರಲೆಂದು ಆ ಗೋಡೆಗಳಿಗೆ ಗ್ರಾಫೈಟಿನ ಕಪ್ಪು ಲೇಪ. ಒಳಗಿನ ಗೋಳದ ಲೇಪ ಕಿತ್ತುಹೋಗಿ ನನ್ನ ಕೆಲಸವೆಲ್ಲ ನಿಂತಿತ್ತು. ಬೆಳಗಾವಿಯಲ್ಲಿ ಹೊಸ ಲೇಪ ಹಾಕಿಸಿ, ಫಾಯಿಲ್ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಕಾರಿನಲ್ಲಿ ಮರಳುವಾಗ ಊಟಕ್ಕೆಂದು ಶಿಗ್ಗಾಂವದ ಮನೆಯಲ್ಲಿ ಇಳಿದಿದ್ದೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ಅವ್ವ ಡಬ್ಬಿ ಬಿಚ್ಚಿ, ಫಾಯಿಲ್ ಸುಲಿದು, ಹೊರಮೈಯೆಲ್ಲ ಕಪ್ಪಾದ ಗೋಳವನ್ನು ಸೆರಗಿನಲ್ಲಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು.

“ಎಷ್ಟ ಮಸಿ ಹಿಡದೈತಿ ನೋಡ. ನಿಮ್ಮ ಲ್ಯಾಬಿನ್ಯಾಗ ಯಾರೂ ಭಾಂಡೆ ತಿಕ್ಕೂದಿಲ್ಲೇನ?”

ಕೈಲಿದ್ದ ಟವೆಲ್ಲಿನಲ್ಲೇ ಹಿಡಿದು ಗೋಳವನ್ನು ಕಸಿದುಕೊಂಡೆ. ಆ ಮಸಿಯೇ ಅದರ ಜೀವ, ಬೆರಳಿನ ಜಿಡ್ಡು ತಾಕಿದರೂ ಕೆಡುತ್ತದೆ, ಇದು ಗಾಳಿಯೂ ಇಲ್ಲದ ಜಾಗದಲ್ಲಿ ಕೂರಬೇಕಾದದ್ದು ಎಂದೆಲ್ಲ ಆಮೇಲೆ ತಿಳಿಸಿ ಹೇಳಿದೆ. ಗಾಳಿಯೂ ಇಲ್ಲದ ಕಡೆ ಇಷ್ಟು ಚಲೋ ಬೋಗುಣಿ ಯಾಕೆ ಎಂದು ಅವ್ವ ಮರುಗಿದಳು. ಇನ್ನು ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟಳು. ನಾನು ಮತ್ತೆ ಮೂರು ಸುತ್ತು ಫಾಯಿಲ್ ಸುತ್ತಿ ಡಬ್ಬಿ ಮುಚ್ಚಿ ಊಟಕ್ಕೆ ಕುಳಿತೆ. ಹೊರಡುವಾಗ ಡಬ್ಬಿಯನ್ನು ತಾನೇ ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು, ಕೂಸನ್ನು ಮಲಗಿಸಿದಂತೆ.

ಬಂಕಾಪುರ ದಾಟುವಾಗ ಏಲಕ್ಕಿಯ ವಾಸನೆ ಬಂತು.

ಕಾರು ಬದಿಗೆ ನಿಲ್ಲಿಸಿ ಡಬ್ಬಿ ತೆರೆದೆ. ಗೋಳದ ಪೊಳ್ಳಿನ ತುಂಬ ಶೇಂಗಾ ಹೋಳಿಗೆ. ಫೋನ್ ಹಚ್ಚಿದೆ.

“ಅವ್ವಾ, ಕೈ ಹಚ್ಚೂದಿಲ್ಲ ಅಂತ ಹೇಳಿದ್ದಿಲ್ಲೇನ?”

“ಕೈ ಎಲ್ಲಿ ಹಚ್ಚೇನಿ? ಇಕ್ಕಳಲೇ ಹಿಡದ ಇಟ್ಟೇನಿ. ಮಂದಿ ಬೋಗುಣಿ ಖಾಲಿ ಕಳಸಾಕ ನಾವ ಮನಿತನಸ್ಥರಲ್ಲೇನ?”

ಹೋಳಿಗೆ ಕುಳಿತದ್ದು ಫಾಯಿಲಿನ ಮೇಲೆ. ಆದರೂ ಒಂದು ಹನಿ ಎಣ್ಣೆ ಒಳಗೆ ಇಳಿದಿದ್ದರೆ ಯಂತ್ರದ ನಿರ್ವಾತ ಕೆಟ್ಟಂತೆಯೇ. ಲ್ಯಾಬಿನಲ್ಲಿ ನಮ್ಮ ಪ್ರೊಫೆಸರು ಫಾಯಿಲ್ ಬಿಚ್ಚಿ, ಟಾರ್ಚ್ ಬಿಟ್ಟು, ಗೋಳವನ್ನು ಸುತ್ತಲೂ ನೋಡಿದರು. ಒಮ್ಮೆ ಮೂಸಿಯೂ ನೋಡಿದರು. ಗೋಳ ಕೂರಿಸಿ ಪಂಪು ಹಚ್ಚಿದ ಮೇಲೆ ನಾನು ಊಟ ಬಿಟ್ಟು ಗೇಜಿನ ಮುಂದೆಯೇ ಕುಳಿತೆ. ಒತ್ತಡ ಇಳಿಯುತ್ತ ಇಳಿಯುತ್ತ ಕೊನೆಗೆ ಬೇಕಾದಲ್ಲಿಗೆ ಬಂದು ನಿಂತಿತು. ಎಲೆಕ್ಟ್ರಾನುಗಳು ಮೊದಲಿನಂತೆಯೇ ಬಂದವು.

ಆಗ ಪ್ರೊಫೆಸರು ಉಳಿದ ಹೋಳಿಗೆಯನ್ನು ಮುರಿಯುತ್ತ, ಹೊರಗಿನ ಗೋಳದ ಲೇಪವೂ ಹಳೆಯದಾಗಿದೆ, ಮುಂದಿನ ತಿಂಗಳು ಅದನ್ನೂ ನೀನೇ ಬೆಳಗಾವಿಗೆ ಒಯ್ಯಬೇಕು ಎಂದರು.

ಅದು ಇದಕ್ಕಿಂತ ದೊಡ್ಡದು. ಅದರ ಮಸಿ ಇರುವುದು ಒಳಗೆ.